ಒಂದೇ ಮನೆಯಲ್ಲಿ ಜಪಮಾಲೆಯೂ ಸ್ವಂತ ಮಾತಿನ ಪ್ರಾರ್ಥನೆಯೂ: ಸಂಜೆಯ ಪ್ರಾರ್ಥನೆಯನ್ನು ಹೇಗೆ ನಡೆಸುವುದು?

ಪ್ರಶ್ನೆ: ಕಡಲತಡಿ

ನಾನು ಮಂಗಳೂರಿನ ಕೊಂಕಣಿ ಕಥೊಲಿಕ ಮನೆತನದವಳು. ನನ್ನ ಪತಿಯದು ಬಾಸೆಲ್ ಮಿಷನ್ ಮೂಲದ ಪ್ರೊಟೆಸ್ಟಂಟ್ ಕುಟುಂಬ. ಮದುವೆಯಾದಂದಿನಿಂದ ಬೆಂಗಳೂರಿನಲ್ಲಿದ್ದೇವೆ. ಭಾನುವಾರದ ವಿಷಯದಲ್ಲಿ ನಮಗೆ ಅಂಥ ತೊಡಕೇನೂ ಇಲ್ಲ. ಅವರವರ ದೇವಾಲಯಕ್ಕೆ ಅವರವರು ಹೋಗಿಬರುತ್ತೇವೆ, ಹಬ್ಬಗಳಲ್ಲಿ ಎರಡೂ ಕಡೆ ಒಟ್ಟಾಗಿ ಹೋಗುತ್ತೇವೆ. ತೊಡಕಿರುವುದು ಉಳಿದ ದಿನಗಳ ಸಂಜೆಯಲ್ಲಿ.

ನನ್ನ ತವರಿನಲ್ಲಿ ಆಮೊರಿಯ (ಮುಸ್ಸಂಜೆಯ ಪ್ರಾರ್ಥನೆಯ) ಗಂಟೆ ಬಾರಿಸಿತೆಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮನೆಯ ಆಲ್ತಾರಿನ (ಪ್ರಾರ್ಥನಾ ಪೀಠದ) ಮುಂದೆ ಮೊಣಕಾಲೂರಿ ತೇರ್ಸ್ (ಜಪಮಾಲೆ) ಹೇಳಿ, ಕಿರಿಯರೆಲ್ಲ ಹಿರಿಯರ ಮುಂದೆ ಕೈಮುಗಿದು ಬೆಸಾಂವ್ (ಆಶೀರ್ವಾದ) ಕೇಳಿದ ಮೇಲೆಯೇ ಊಟ. ಪತಿಯ ಮನೆಯಲ್ಲಿ ಒಂದು ಗೀತೆ ಹಾಡಿ, ಸತ್ಯವೇದದ ಒಂದು ಭಾಗ ಓದಿ, ಮಾವನವರು ತಮ್ಮದೇ ಮಾತಿನಲ್ಲಿ ದೀರ್ಘವಾಗಿ ಪ್ರಾರ್ಥಿಸುವುದು ವಾಡಿಕೆ. ಎರಡನ್ನೂ ನಾನು ಗೌರವಿಸುತ್ತೇನೆ. ಆದರೆ ನಮ್ಮ ಮನೆಗೆ ಎರಡರಲ್ಲಿ ಯಾವುದೂ ಪೂರ್ತಿಯಾಗಿ ಒಗ್ಗುತ್ತಿಲ್ಲ.

ನಾನು ಜಪಮಾಲೆ ಹಿಡಿದು ಕುಳಿತರೆ ಪತಿ ಪಕ್ಕದಲ್ಲಿ ಮೌನವಾಗಿ ಕೂರುತ್ತಾರೆ, ಸೇರುವುದಿಲ್ಲ. ಹೇಳಿದ್ದನ್ನೇ ಹೇಳಬೇಡಿರೆಂದು ಯೇಸುಸ್ವಾಮಿಯೇ ಎಚ್ಚರಿಸಿದ್ದಾರಲ್ಲ (ಮತ್ತಾಯ 6:7) ಎಂಬುದು ಅವರ ಮನೆಯವರ ಮಾತು. ಅವರು ಪ್ರಾರ್ಥಿಸತೊಡಗಿದರೆ ಅದು ಒಂದು ದಿನ ಬೇಡಿಕೆಗಳ ಪಟ್ಟಿಯಾಗುತ್ತದೆ, ಇನ್ನೊಂದು ದಿನ ದೇವರ ಮೂಲಕ ಮಕ್ಕಳಿಗೆ ಹೇಳಿಸಿದ ಬುದ್ಧಿವಾದವಾಗುತ್ತದೆ. “ಗಣಿತದಲ್ಲಿ ಗಮನವಿಡುವ ಮನಸ್ಸನ್ನು ಇವನಿಗೆ ಕೊಡು ಸ್ವಾಮಿ” ಎಂಬ ಮಾತು ಬಂದಾಗ ಹಿರಿಯ ಮಗ ಕಣ್ಣು ತೆರೆದು ನನ್ನತ್ತ ನೋಡುತ್ತಾನೆ. ಇಬ್ಬರಿಗೂ ಸಮಾನವಾದ ಕರ್ತನ ಪ್ರಾರ್ಥನೆಯಲ್ಲೂ, ಕೇಡಿನಿಂದ ರಕ್ಷಿಸೆಂಬಲ್ಲಿಗೆ ನಾನು ಆಮೆನ್ ಹೇಳಿ ನಿಲ್ಲಿಸಿದರೆ ಅವರು ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂದು ಮುಂದುವರಿಯುತ್ತಾರೆ. ಮಕ್ಕಳು ಆ ದಿನ ಯಾರ ಪಕ್ಕದಲ್ಲಿ ಕುಳಿತಿರುತ್ತಾರೋ ಅವರಂತೆ ಮುಗಿಸುತ್ತಾರೆ.

ಇದರ ಜೊತೆಗೆ ಕೆಲಸದ ವೇಳೆಯ ಸಮಸ್ಯೆಯೂ ಇದೆ. ಇಬ್ಬರೂ ಒಂದೇ ಹೊತ್ತಿಗೆ ಮನೆ ಸೇರುವ ದಿನಗಳು ಕಡಿಮೆ. ಒಂದು ದಿನ ತಪ್ಪಿದ ಪ್ರಾರ್ಥನೆ ಮರುದಿನವೂ ಸುಲಭವಾಗಿ ತಪ್ಪುತ್ತದೆ, ಆಮೇಲೆ ತಪ್ಪಿಸಿದೆವೆಂಬ ಅಳುಕಿನಿಂದಲೇ ಮತ್ತೆ ಕುಳಿತುಕೊಳ್ಳುವುದು ಕಷ್ಟವಾಗುತ್ತದೆ. ಹೀಗೆ ಕುಳಿತಾಗ ನನಗೆ ಒಳಗಿನಿಂದ ಏನೂ ಅನ್ನಿಸುವುದಿಲ್ಲವೆಂಬುದನ್ನೂ ಹೇಳಬೇಕು. ನಮಗೆ ಬೇಕಾದದ್ದು ತಂದೆಗೆ ಮೊದಲೇ ತಿಳಿದಿದೆಯೆಂದು ಅದೇ ಅಧ್ಯಾಯ ಹೇಳುವಾಗ, ಇಷ್ಟೆಲ್ಲ ಹೆಣಗಾಟ ಯಾತಕ್ಕೆ ಎಂದೂ ಒಮ್ಮೊಮ್ಮೆ ತೋರುತ್ತದೆ. ಇಂಥ ಮನೆಗಳಲ್ಲಿ ಇರುವವರು ಅಥವಾ ಈ ವಿಷಯವನ್ನು ಓದಿ ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ: ಧಾರವಾಡದ ಸಭಾಹಿರಿಯ

ಮೊದಲು ನಿಮ್ಮ ಪತಿಯ ಮನೆಯವರು ಎತ್ತಿದ ವಾಕ್ಯವನ್ನೇ ನೋಡೋಣ, ಏಕೆಂದರೆ ಅದು ನಮ್ಮ ಕಡೆಯವರು ಅರ್ಧ ಓದಿ ಬಿಡುವ ವಾಕ್ಯ. ಅಲ್ಲಿ ನಿಷೇಧಿಸಿರುವುದು ಹೆಚ್ಚು ಮಾತಾಡಿದರೆ ದೇವರು ಮಣಿಯುತ್ತಾನೆಂಬ ನಂಬಿಕೆಯನ್ನು. ಅದೇ ಮಾತಿನ ಬೆನ್ನಿಗೇ ಯೇಸುಸ್ವಾಮಿ ಒಂದು ಸಿದ್ಧ ಪ್ರಾರ್ಥನೆಯನ್ನು ಕೊಡುತ್ತಾರೆ. ಸಿದ್ಧ ಮಾತೇ ತಪ್ಪಾಗಿದ್ದರೆ ಹಾಗೆ ಕೊಡುತ್ತಿರಲಿಲ್ಲ. ಗೆತ್ಸೆಮನೆಯ ರಾತ್ರಿಯಲ್ಲಿ ಅವರೇ ಮೂರನೆಯ ಸಾರಿಯೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರೆಂದು ಅದೇ ಮತ್ತಾಯನು 26ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. 136ನೆಯ ಕೀರ್ತನೆಯಲ್ಲಿ 26 ವಚನಗಳಿದ್ದು, ಅಷ್ಟೂ ವಚನಗಳು ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ. ಪುನರುಕ್ತಿ ಬೇರೆ, ವ್ಯರ್ಥ ಪುನರುಕ್ತಿ ಬೇರೆ.

ಸ್ವಂತ ಮಾತಿನ ಪ್ರಾರ್ಥನೆಯ ಪರವಾಗಿಯೂ ಹೇಳಬೇಕಾದದ್ದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಪಯಟಿಸ್ಟ್ ಪರಂಪರೆಯಿಂದ ಬಂದವರು. ದೇವಾಲಯದ ಸಿದ್ಧ ವಿಧಿಗಳು ಬಾಯಲ್ಲಿ ಉಳಿದು ಬದುಕಿನಿಂದ ಜಾರಿಹೋಗಿವೆಯೆಂಬ ಕೊರಗಿನಿಂದ ಹುಟ್ಟಿದ ಪರಂಪರೆ ಅದು. ಪ್ರತಿಯೊಬ್ಬ ವಿಶ್ವಾಸಿಯೂ, ನೇಯುವವನೂ ಹೆಂಚು ಸುಡುವವನೂ, ತನ್ನ ಆ ದಿನದ ಬದುಕನ್ನು ತನ್ನ ಬಾಯಿಂದಲೇ ದೇವರ ಮುಂದೆ ಇಡಬಲ್ಲನೆಂಬುದು ಅವರ ನಂಬಿಕೆಯಾಗಿತ್ತು. ಅದು ಸಣ್ಣ ಕೊಡುಗೆಯಲ್ಲ. ಆದರೆ ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ನಮ್ಮ ಸ್ವಂತ ಮಾತು ಕೂಡ ಸಿದ್ಧ ಮಾತಾಗಿದೆ. “ಪ್ರೀತಿಯುಳ್ಳ ಪರಲೋಕದ ತಂದೆಯೇ, ಈ ಒಳ್ಳೆಯ ಸಮಯಕ್ಕಾಗಿ ನಿನಗೆ ಸ್ತೋತ್ರ” ಎಂದು ಆರಂಭಿಸದ ಹಿರಿಯರನ್ನು ನಾನಂತೂ ಕಂಡಿಲ್ಲ, ನಾನು ಆರಂಭಿಸುವುದೂ ಹಾಗೆಯೇ. ಅದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ, ಆದರೆ ಜಪಮಾಲೆಯವರನ್ನು ಟೀಕಿಸುವ ಮುನ್ನ ನಾವು ಇದನ್ನು ನೆನೆಯಬೇಕು.

ನಿಮ್ಮ ಪತಿಗೆ ತೋರಿಸಬಹುದಾದ ಒಂದು ಉದಾಹರಣೆಯಿದೆ. 1535ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯ ಮೂಲಪುರುಷ ಮಾರ್ಟಿನ್ ಲೂಥರ್ ತಮ್ಮ ಕ್ಷೌರಿಕ ಪೀಟರನಿಗಾಗಿ, ಅವನು ಕೇಳಿಕೊಂಡಿದ್ದಕ್ಕೆ, ಪ್ರಾರ್ಥಿಸುವ ಬಗೆಯನ್ನು ತಿಳಿಸುವ ಒಂದು ದೀರ್ಘ ಪತ್ರ ಬರೆದರು. ಮನಸ್ಸು ತಣ್ಣಗಾಗಿ ಪ್ರಾರ್ಥನೆ ಬೇಡವೆನ್ನಿಸಿದಾಗ ತಾವು ಮಾಡುವುದೇನೆಂಬುದನ್ನು ಅವರು ಅದರ ಆರಂಭದಲ್ಲೇ ಹೇಳುತ್ತಾರೆ: ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೆ ಹೋಗಿ, ಅಥವಾ ಜನ ಸೇರಿದ್ದರೆ ದೇವಾಲಯಕ್ಕೆ ಹೋಗಿ, ದಶಾಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಮಕ್ಕಳು ಹೇಳುವಂತೆ ತಮಗೆ ತಾವೇ ಹೇಳಿಕೊಳ್ಳುವುದು. ಸ್ವಂತ ಮಾತು ಬರದ ಹೊತ್ತಿನಲ್ಲಿ ಕಲಿತ ಮಾತನ್ನು ಹಿಡಿದು ನಡೆಯುವುದು, ನಡೆಯುತ್ತಾ ಮನಸ್ಸು ಬೆಚ್ಚಗಾಗಿ ಒಳಗಿನಿಂದ ಮಾತು ಹೊಮ್ಮಿದರೆ ಸಿದ್ಧ ಪ್ರಾರ್ಥನೆಯನ್ನು ಅಲ್ಲಿಗೇ ಬಿಟ್ಟು ಆ ಮಾತಿಗೆ ಕಿವಿಗೊಡುವುದು, ಇದು ಅವರ ಕ್ರಮ. ಒಳ್ಳೆಯ ಕ್ಷೌರಿಕನ ಕಣ್ಣು ಕತ್ತಿಯಿಂದಲೂ ಕೂದಲಿನಿಂದಲೂ ಕದಲದು, ಹರಟುತ್ತಾ ಕೂತರೆ ಗಿರಾಕಿಯ ಮೂಗೋ ಕತ್ತೋ ಹೋದೀತು, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎಂದು ಪೀಟರನ ಕಸುಬಿನಿಂದಲೇ ಅವನಿಗೆ ವಿವರಿಸುತ್ತಾರೆ. ಗಮನವಿಲ್ಲದೆ ಎಲ್ಲರೂ ಉರುಳಿಸಿಬಿಡುವ ಕರ್ತನ ಪ್ರಾರ್ಥನೆಯನ್ನು ಲೋಕದ ಅತಿ ದೊಡ್ಡ ಹುತಾತ್ಮನೆಂದು ಅವರು ಕರೆದಿರುವುದೂ ಅಲ್ಲಿಯೇ.

ಇನ್ನು ಜಪಮಾಲೆಯ ವಿಚಾರ. ಅದರಲ್ಲಿ ಮತ್ತೆ ಮತ್ತೆ ಹೇಳುವ ನಮೋ ಮರಿಯಾ ಪ್ರಾರ್ಥನೆಯ ಮೊದಲ ಅರ್ಧ ಲೂಕನ ಒಂದನೆಯ ಅಧ್ಯಾಯದ್ದೇ: ದೂತನ ವಂದನೆ ಮತ್ತು ಎಲಿಸಬೇತಳ ವಂದನೆ. ಅದರಲ್ಲಿ ಪ್ರೊಟೆಸ್ಟಂಟ್ ಮನಸ್ಸಿಗೆ ಅಡ್ಡಿ ಬರುವುದೇನೂ ಇಲ್ಲ. ನಮಗಾಗಿ ಪ್ರಾರ್ಥಿಸೆಂದು ಮರಿಯಮ್ಮನವರನ್ನು ಕೇಳುವ ಎರಡನೆಯ ಅರ್ಧವನ್ನು ಮಾತ್ರ ನಿಮ್ಮ ಪತಿಯ ಮನಸ್ಸಾಕ್ಷಿ ಒಪ್ಪದಿರಬಹುದು. ಅವರು ಮೌನವಾಗಿ ಕೂರುವುದನ್ನು ಅಸಹಕಾರವೆಂದು ತಿಳಿಯಬೇಡಿ. ಹೇಳಲಾಗದ್ದನ್ನು ಬಾಯಿಮಾತಿಗೆ ಹೇಳುವುದಕ್ಕಿಂತ ಅದು ಎಷ್ಟೋ ಪ್ರಾಮಾಣಿಕವಾದದ್ದು.


ಉತ್ತರ: ಹಾಸನದ ಉಪದೇಶಿ

ಸಭಾಹಿರಿಯರು ಬರೆದ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಜಪಮಾಲೆಯನ್ನು ಕೇವಲ ಹೇಳುವ ಮಾತುಗಳ ಲೆಕ್ಕದಿಂದ, ಯಾವ ಅರ್ಧ ಸರಿ ಯಾವ ಅರ್ಧ ಅಡ್ಡಿ ಎಂದು ಅಳೆದರೆ ಅದು ಕೆಲಸ ಮಾಡುವ ಬಗೆ ತಿಳಿಯುವುದಿಲ್ಲ. ಜಪಮಾಲೆಯಲ್ಲಿ ನಾಲಿಗೆಗೂ ಬೆರಳಿಗೂ ಕೆಲಸ ಕೊಡುವುದು ಮನಸ್ಸನ್ನು ಬಿಡುವು ಮಾಡಿ ಒಂದು ಘಟನೆಯ ಮುಂದೆ ನಿಲ್ಲಿಸುವುದಕ್ಕಾಗಿ. ಇಂಥ ಘಟನೆಗಳಿಗೇ ರಹಸ್ಯಗಳೆಂದು ಹೆಸರು. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು, ಬುಧವಾರ ಮತ್ತು ಭಾನುವಾರ ಮಹಿಮೆಯ ರಹಸ್ಯಗಳು. 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಸೇರಿಸಿದ ಬೆಳಕಿನ ರಹಸ್ಯಗಳು ಗುರುವಾರಕ್ಕೆ. ಹೀಗೆ ವಾರವೊಂದರಲ್ಲಿ ಕ್ರಿಸ್ತರ ಇಡೀ ಬದುಕು ಮನೆಯೊಳಗೆ ಒಂದು ಸುತ್ತು ಬಂದುಹೋಗುತ್ತದೆ. 150 ಕೀರ್ತನೆಗಳನ್ನು ಓದಲು ಬಾರದ ಜನರು ಅವುಗಳ ಬದಲಿಗೆ 150 ನಮೋ ಮರಿಯಾಗಳನ್ನು ಹೇಳುತ್ತಿದ್ದುದರಿಂದ ಅದನ್ನು ಮರಿಯಮ್ಮನವರ ಕೀರ್ತನಾಮಾಲೆ ಎಂದೂ ಕರೆಯುತ್ತಿದ್ದರು. ಅಂದರೆ ಇದು ಓದುಬಾರದವರ ಸತ್ಯವೇದ ಪಾರಾಯಣ. ನಿಮ್ಮ ಪತಿಯ ಮನೆಯಲ್ಲಿ ಅಧ್ಯಾಯ ಓದುವುದಕ್ಕೂ ನಿಮ್ಮ ತವರಿನ ತೇರ್ಸಿಗೂ ಇರುವ ದೂರ ನೀವು ಎಣಿಸಿದಷ್ಟಿಲ್ಲ.

ಆದ್ದರಿಂದ ನನ್ನ ಸಲಹೆ ಬಹಳ ಸರಳ. ಐದೂ ದಶಕಗಳನ್ನು (ಹತ್ತು ಹತ್ತು ನಮೋ ಮರಿಯಾಗಳ ಗುಂಪುಗಳನ್ನು) ಹೇಳುವ ಹಠ ಬೇಡ. ಆ ದಿನದ ಒಂದೇ ರಹಸ್ಯವನ್ನು ಆರಿಸಿಕೊಳ್ಳಿ, ಅದಕ್ಕೆ ಹೊಂದುವ ಶುಭಸಂದೇಶದ ಭಾಗವನ್ನು ನಿಮ್ಮ ಪತಿ ಓದಲಿ, ಒಂದು ದಶಕವನ್ನು ನೀವು ಮುನ್ನಡೆಸಿರಿ, ಅವರಿಗೆ ಆಗುವಷ್ಟನ್ನು ಅವರು ಹೇಳಲಿ, ಕೊನೆಗೆ ಕರ್ತರ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಹೇಳಿರಿ. ಹತ್ತು ನಿಮಿಷ ಸಾಕು. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 20ನೆಯ ಅಧ್ಯಾಯದಲ್ಲಿ, ಪ್ರಾರ್ಥನೆ ಚಿಕ್ಕದೂ ಶುದ್ಧವೂ ಆಗಿರಲಿ, ಒಟ್ಟುಗೂಡಿ ಮಾಡುವಾಗಲಂತೂ ಬಹಳ ಚಿಕ್ಕದಾಗಿರಲಿ ಎಂದು ವಿಧಿಸಿದ್ದಾರೆ. ಸನ್ಯಾಸಿಗಳಿಗೇ ಹೀಗೆಂದ ಮೇಲೆ ಕಚೇರಿಯಿಂದ ಬಂದ ದಂಪತಿಗಳಿಗೂ ಹೋಂವರ್ಕ್ ಬಾಕಿಯಿರುವ ಮಕ್ಕಳಿಗೂ ಹೇಳುವುದೇನಿದೆ?

ಒಳಗಿನಿಂದ ಏನೂ ಅನ್ನಿಸುವುದಿಲ್ಲವೆಂದು ನೀವು ಸಂಕೋಚದಿಂದ ಬರೆದಿದ್ದೀರಿ. 1897ರಲ್ಲಿ 24ನೆಯ ವಯಸ್ಸಿಗೇ ತೀರಿಕೊಂಡ ಲಿಸ್ಯೂ ನಗರದ ಸಂತ ತೆರೇಸಾ, ಜಪಮಾಲೆ ಹೇಳುವುದು ತಮಗೆ ಪ್ರಾಯಶ್ಚಿತ್ತದ ಮುಳ್ಳುಪಟ್ಟಿ ತೊಡುವುದಕ್ಕಿಂತ ಕಷ್ಟವೆಂದು ಬರೆದುಕೊಂಡಿದ್ದಾರೆ. ಎಷ್ಟು ಪ್ರಯತ್ನಿಸಿದರೂ ಮನಸ್ಸು ನಿಲ್ಲುತ್ತಿರಲಿಲ್ಲವಂತೆ. ಪ್ರಾರ್ಥನೆಯ ವೇಳೆಯಲ್ಲಿ ನಿದ್ದೆ ಹೋಗುತ್ತಿದ್ದುದನ್ನೂ ಅವರು ಮುಚ್ಚಿಟ್ಟಿಲ್ಲ. ಅಂಥವರನ್ನು 1997ರಲ್ಲಿ ಧರ್ಮಸಭೆ ತನ್ನ ಮಹಾ ಬೋಧಕರ ಸಾಲಿಗೆ ಸೇರಿಸಿತು. ಭಾವ ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಬಂದು ಕೂರುವುದಷ್ಟೇ ನಮ್ಮ ಕೈಯಲ್ಲಿರುವುದು.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ. ಪ್ರಾರ್ಥನೆಯೊಳಗೆ ಮಗನ ಗಣಿತದ ಅಂಕಗಳನ್ನು ತರುವುದನ್ನು ನಿಲ್ಲಿಸಿರಿ. ಮಗುವಿಗೆ ಹೇಳಬೇಕಾದ್ದನ್ನು ಮಗುವಿಗೇ ಹೇಳಿರಿ. ದೇವರ ಹೆಸರಿನ ಮರೆಯಲ್ಲಿ ಗದರಿಸಿಕೊಂಡ ಮಕ್ಕಳು ದೊಡ್ಡವರಾದ ಮೇಲೆ ದೇವರಿಂದಲೇ ತಪ್ಪಿಸಿಕೊಳ್ಳುವುದನ್ನು ಧರ್ಮೋಪದೇಶದ ತರಗತಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.


ಉತ್ತರ: ರಾತ್ರಿಪಾಳಿ

ನಾನು ನರ್ಸ್. ವಾರಗಟ್ಟಲೆ ರಾತ್ರಿಪಾಳಿ ಇರುವ ನನ್ನಂಥವರಿಗೆ ಸಂಜೆಯ ಗಂಟೆಯೆಂಬುದೇ ಇಲ್ಲ. ಮನೆಯವರು ಮೊಣಕಾಲೂರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಆದ್ದರಿಂದ ಪ್ರಶ್ನೆಯ ಎರಡನೆಯ ಭಾಗಕ್ಕೆ ಮಾತ್ರ, ವೇಳೆ ಸಿಗದವರ ಪ್ರಾರ್ಥನೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಎಡೆಬಿಡದೆ ಪ್ರಾರ್ಥಿಸಿರೆಂಬ ಪೌಲನ ಮಾತನ್ನು (1 ಥೆಸಲೋನಿಕ 5:17) ಚಿಕ್ಕಂದಿನಲ್ಲಿ ಕೇಳಿದಾಗ ಅದು ಸನ್ಯಾಸಿನಿಯರಿಗೆ ಮಾತ್ರ ಸಾಧ್ಯವಾದದ್ದೆಂದು ತಿಳಿದಿದ್ದೆ. ಈಗ ನನ್ನ ವಾರ್ಡಿನಲ್ಲಿ ಅದರ ಅರ್ಥ ಬೇರೆಯಾಗಿದೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈ ತೊಳೆಯಲೇಬೇಕು. ಸೋಪು ಹಚ್ಚಿ ಅಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಎಂದು ವಿಧಿಪ್ರಕಾರ ತೊಳೆಯಲು 40ರಿಂದ 60 ಸೆಕೆಂಡು ಬೇಕು, ಅವಸರವಿಲ್ಲದೆ ಒಂದು ಕರ್ತನ ಪ್ರಾರ್ಥನೆ ಹೇಳಲು ಅಷ್ಟು ಸಾಕು. ತೊಳೆದ ಕೈಯನ್ನು ಮುಂದಿನ ಹಾಸಿಗೆಯವರ ಹೆಸರಿನೊಂದಿಗೆ ಒಪ್ಪಿಸಿ ಹೊರಡುತ್ತೇನೆ. ಇದು ತುಟಿಯನ್ನೂ ಅಲುಗಿಸದ ಪ್ರಾರ್ಥನೆ. ನನ್ನ ರೋಗಿಗಳಲ್ಲಿ ಹೆಚ್ಚಿನವರು ಬೇರೆ ಧರ್ಮದವರು, ಅವರಾಗಿ ಕೇಳದೆ ಅವರ ಮೇಲೆ ಗಟ್ಟಿಯಾಗಿ ಪ್ರಾರ್ಥಿಸುವುದು ಅವರ ಅಸಹಾಯಕತೆಯನ್ನು ಬಳಸಿಕೊಂಡಂತೆ ಎಂಬುದು ನನ್ನ ದೃಢ ಅಭಿಪ್ರಾಯ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸೆಂದು ಹೇಳಿದ ಸ್ವಾಮಿಗೆ ಮುಚ್ಚಿದ ತುಟಿಯೂ ಬಾಗಿಲೇ ಆಗಿರಬಹುದು.

ಇದು ನನ್ನ ಕಲ್ಪನೆಯ ಉಪಾಯವಲ್ಲ. ಈಜಿಪ್ಟಿನ ಮರಳುಗಾಡಿನ ತಪಸ್ವಿಗಳು ಬುಟ್ಟಿ ಹೆಣೆಯುತ್ತಾ ಇಂಥ ಚುಟುಕು ಪ್ರಾರ್ಥನೆಗಳನ್ನು ಹೇಳಿಕೊಳ್ಳುತ್ತಿದ್ದರು. ಬಾಣ ಬಿಟ್ಟಂತೆ ಚುರುಕಾದ ಪ್ರಾರ್ಥನೆಗಳೆಂದು ಸಂತ ಅಗಸ್ಟೀನರು ಅವುಗಳನ್ನು ಬಣ್ಣಿಸಿದ್ದಾರೆ. ದೇವರೇ ನನ್ನನ್ನು ರಕ್ಷಿಸಲು ಬಾ, ನನ್ನ ಸಹಾಯಕ್ಕೆ ತ್ವರೆಪಡು ಎಂಬ 70ನೆಯ ಕೀರ್ತನೆಯ ಮೊದಲ ವಚನವನ್ನು ಎಲ್ಲ ಸಂದರ್ಭಕ್ಕೂ ಒದಗುವ ಪ್ರಾರ್ಥನೆಯೆಂದು ಆ ತಪಸ್ವಿಗಳಲ್ಲಿ ಕಲಿತು ಬಂದ ಜಾನ್ ಕಾಸಿಯನ್ ಬರೆದಿದ್ದಾರೆ. ತುರ್ತು ಗಂಟೆ ಬಾರಿಸಿ ಓಡುವಾಗ ನನ್ನ ಬಾಯಿಗೆ ಬರುವುದು ಅದೊಂದೇ.

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದ ಬ್ರದರ್ ಲಾರೆನ್ಸ್ ಅವರ ಹೆಸರನ್ನು ಇಂಥ ಮಾತು ಬಂದಾಗಲೆಲ್ಲ ಎತ್ತುತ್ತಾರೆ. ಪಾತ್ರೆಗಳ ಸದ್ದಿನ ನಡುವೆಯೂ, ಹತ್ತು ಜನ ಹತ್ತು ಕೇಳುತ್ತಿರುವಾಗಲೂ ತಾವು ಪರಮಪ್ರಸಾದದ ಮುಂದೆ ಮೊಣಕಾಲೂರಿದಷ್ಟೇ ನೆಮ್ಮದಿಯಿಂದ ದೇವರೊಂದಿಗೆ ಇರುವುದಾಗಿ ಅವರು ಹೇಳುತ್ತಿದ್ದರಂತೆ. ಆದರೆ ಅವರಿಗೆ ಅಡುಗೆಮನೆಯ ಕೆಲಸ ಸ್ವಭಾವತಃ ಇಷ್ಟವಿರಲಿಲ್ಲವೆಂಬುದನ್ನೂ, ಆ ನೆಮ್ಮದಿ ಬರುವ ಮುನ್ನ ವರ್ಷಗಟ್ಟಲೆ ತೊಳಲಿದರೆಂಬುದನ್ನೂ, ಮಠದ ನಿಗದಿತ ಪ್ರಾರ್ಥನೆಯ ವೇಳೆಗಳನ್ನು ಅವರು ಬಿಟ್ಟಿರಲಿಲ್ಲವೆಂಬುದನ್ನೂ ಅವರನ್ನು ಹೊಗಳುವವರು ಹೇಳುವುದಿಲ್ಲ. ಕೆಲಸವೇ ಪ್ರಾರ್ಥನೆ, ಬೇರೆ ಪ್ರಾರ್ಥನೆ ಯಾತಕ್ಕೆ ಎನ್ನುವವರಿಗೆ ಅವರು ಆಧಾರವಾಗಲಾರರು. ನಡುವೆ ಎಲ್ಲಿಯೂ ನಿಂತು ಕೂರದೆ ಬರೀ ಬಾಣದ ಪ್ರಾರ್ಥನೆಗಳಲ್ಲೇ ತಿಂಗಳು ಕಳೆದರೆ ಅವೂ ಒಣಗುತ್ತವೆ. ಅದಕ್ಕಾಗಿ ಪಾಳಿ ಮುಗಿಸಿ ಬರುವ ಬಸ್ಸಿನಲ್ಲಿ, ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೀಲನೆಯನ್ನು ಮಾಡಿಕೊಳ್ಳುತ್ತೇನೆ: ಮೊದಲು ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಕಳೆದ ಗಂಟೆಗಳನ್ನು ಒಂದೊಂದಾಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೊಂದು ನಿರ್ಧಾರ. ರಾತ್ರಿ ಎರಡು ಗಂಟೆಗೆ ಮೂರನೆಯ ಸಲ ನೀರು ಕೇಳಿದ ಅಜ್ಜಿಗೆ ನಾನು ಹೇಗೆ ಉತ್ತರಿಸಿದೆನೆಂಬುದು ಅಲ್ಲಿ ತಪ್ಪದೆ ಎದುರಿಗೆ ಬಂದು ನಿಲ್ಲುತ್ತದೆ.

ಒಟ್ಟಿಗೆ ಇರಲಾಗದ ದಿನ ಒಬ್ಬರೇ ಮಾಡಿದರೂ ಮನೆಯ ಪ್ರಾರ್ಥನೆ ನಡೆಯಿತೆಂದೇ ಲೆಕ್ಕವಿಡಿ. ಕರ್ತನ ಪ್ರಾರ್ಥನೆಯಲ್ಲಿ ‘ನಾನು’ ಎಂಬುದೇ ಇಲ್ಲ, ಒಬ್ಬಳೇ ಹೇಳಿದರೂ ‘ನಮ್ಮ’ ಎಂದೇ ಹೇಳಬೇಕು.


ಉತ್ತರ: ತೋಮನ ಸಾಲಿನವನು

ಎಲ್ಲರೂ ಹೇಗೆ ಪ್ರಾರ್ಥಿಸಬೇಕೆಂದು ಬರೆದಿದ್ದೀರಿ. ಯಾತಕ್ಕೆ ಎಂಬ ಅವರ ಕೊನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ನನಗೆ ಅದೇ ಮುಖ್ಯವಾಗಿ ಕಂಡಿತು.

ನನ್ನ ತಾಯಿಗೆ ಕ್ಯಾನ್ಸರ್ ಎಂದು ತಿಳಿದಾಗ ಒಂದು ಪ್ರಾರ್ಥನಾ ಗುಂಪಿನವರು ಮನೆಗೆ ಬಂದು ಉಪವಾಸ ಪ್ರಾರ್ಥನೆ ಮಾಡಿದರು. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ತಾಯಿ ಗುಣವಾಗದೆ ಹೋದಾಗ ಅವರಲ್ಲೊಬ್ಬರು, ಮನೆಯವರ ವಿಶ್ವಾಸದಲ್ಲಿ ಎಲ್ಲೋ ಕೊರತೆಯಿತ್ತೆಂದು ಹೇಳಿದರು. ಸಾಕ್ಷಿ ಹೇಳುವ ಕೂಟಗಳಲ್ಲಿ ಗುಣವಾದವರಷ್ಟೇ ಎದ್ದು ನಿಂತು ಮಾತಾಡುತ್ತಾರೆ. ಗುಣವಾಗದವರಿಗೆ ಮೈಕು ಸಿಗುವುದಿಲ್ಲ. ಅಂಥ ಕೂಟದಲ್ಲಿ ಬೆಳೆದ ಮಗುವಿಗೆ ಪ್ರಾರ್ಥನೆಯೆಂದರೆ ಸರಿಯಾದ ಬೆಲೆ ಕೊಟ್ಟರೆ ಸಾಮಾನು ಸಿಗುವ ವ್ಯವಹಾರವೆಂದೇ ತೋರುತ್ತದೆ, ಮತ್ತಾಯ 6:7 ನಿಷೇಧಿಸಿದ್ದು ನನ್ನ ತಿಳಿವಿನಲ್ಲಿ ಇದನ್ನೇ.

ಸತ್ಯವೇದ ಹೀಗೆ ಮುಚ್ಚಿಡುವುದಿಲ್ಲ. ಈ ಪಾತ್ರೆ ನನ್ನಿಂದ ತೊಲಗಲಿ ಎಂಬ ಯೇಸುವಿನ ಪ್ರಾರ್ಥನೆಗೆ ಕೇಳಿದ್ದು ಸಿಗಲಿಲ್ಲ. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಪೌಲನು ಮೂರು ಸಾರಿ ಬೇಡಿಕೊಂಡನು, ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕೆಂಬ ಉತ್ತರ ಬಂತು. 88ನೆಯ ಕೀರ್ತನೆಯಂತೂ ಎಲ್ಲಿಯೂ ಬೆಳಕಿಗೆ ತಿರುಗದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ, ದೇವರನ್ನು ಕುರಿತೇ ಆಡಿದ ದೂರು. ತಾಯಿ ತೀರಿಕೊಂಡ ಮೇಲೆ ಬಹಳ ಕಾಲ ನನಗೆ ಬೇರೆ ಯಾವ ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ, ಅದೊಂದನ್ನು ಮಾತ್ರ ಓದಬಲ್ಲವನಾಗಿದ್ದೆ. ಸ್ವಂತ ಮಾತೇ ಶ್ರೇಷ್ಠವೆಂದು ವಾದಿಸುವವರು ಇಂಥ ಕಾಲದಲ್ಲಿ ಮನುಷ್ಯನ ಸ್ವಂತ ಮಾತು ಎಲ್ಲಿ ಹೋಗುತ್ತದೆಂಬುದನ್ನು ಯೋಚಿಸಬೇಕು.

ತಂದೆಗೆ ತಿಳಿದಿರುವುದನ್ನು ಮತ್ತೆ ಯಾಕೆ ಹೇಳಬೇಕು ಎಂಬುದಕ್ಕೆ ಐದನೆಯ ಶತಮಾನದ ಆದಿಯಲ್ಲಿ ಪ್ರೋಬಾ ಎಂಬ ವಿಧವೆಗೆ ಬರೆದ ಪತ್ರದಲ್ಲಿ ಅಗಸ್ಟೀನರು ಉತ್ತರಿಸಿದ್ದಾರೆ. ರಾತ್ರಿಪಾಳಿಯವರು ಹೇಳಿದ ಬಾಣದ ಮಾತು ಇರುವುದೂ ಅದೇ ಪತ್ರದಲ್ಲಿ. ದೇವರಿಗೆ ಸುದ್ದಿ ತಿಳಿಸಲು ನಮಗೆ ಮಾತು ಬೇಕಾಗಿಲ್ಲ. ಅವನು ಕೊಡಬೇಕೆಂದಿರುವುದನ್ನು ಹಿಡಿಯುವಷ್ಟು ನಮ್ಮ ಬಯಕೆ ಹಿಗ್ಗಬೇಕು, ಮಾತು ಇರುವುದು ಅದಕ್ಕಾಗಿ ಎಂಬುದು ಅವರ ವಾದದ ತಿರುಳು. ನನಗೆ ಈ ಉತ್ತರ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಬೇಡಿಕೆಯಿಂದ ಹೊರಗಿನ ಲೋಕದಲ್ಲಿ ಏನೂ ಆಗುವುದಿಲ್ಲ, ನಮ್ಮೊಳಗೆ ಮಾತ್ರ ಬದಲಾಗುತ್ತದೆ ಎಂದರೆ, ನ್ಯಾಯಾಧಿಪತಿಯ ಬಾಗಿಲಿಗೆ ಅಲೆದು ಅಲೆದು ನ್ಯಾಯ ದಕ್ಕಿಸಿಕೊಂಡ ವಿಧವೆಯ ಸಾಮ್ಯವನ್ನು (ಲೂಕ 18) ಏನು ಮಾಡುವುದು? ಬೇಡಿರಿ ಎಂದು ಕಲಿಸಿದವರೇ ಬೇಡಿದ್ದು ಸಿಗದೆ ಶಿಲುಬೆಗೆ ಹೋದರು. ಎರಡನ್ನೂ ಹಿಡಿದುಕೊಂಡೇ ಇರಬೇಕಾಗಿದೆ. ಮಕ್ಕಳಿಗೆ ಪ್ರಾರ್ಥನೆ ಕಲಿಸುವಾಗ ದಯವಿಟ್ಟು ಈ ಎರಡನೆಯದನ್ನು ಬಿಡಬೇಡಿ.


ಮರುಪ್ರತಿಕ್ರಿಯೆ: ಕಡಲತಡಿ

ಎಲ್ಲರಿಗೂ ವಂದನೆಗಳು. ಲೂಥರರ ಪತ್ರದ ವಿಷಯವನ್ನು ಪತಿಗೆ ಓದಿ ಹೇಳಿದೆ, ಮೂಗಿನ ಮಾತಿಗೆ ಮಕ್ಕಳೂ ನಕ್ಕರು. ಒಂದು ದಶಕ, ಒಂದು ಓದು ಎಂಬ ಉಪದೇಶಿಗಳ ಕ್ರಮವನ್ನು ಆರಂಭಿಸಿದ್ದೇವೆ. ನಮೋ ಮರಿಯಾದ ಮೊದಲ ಅರ್ಧವನ್ನು ಪತಿ ಈಗ ನನ್ನೊಡನೆ ಹೇಳುತ್ತಾರೆ, ಎರಡನೆಯ ಅರ್ಧಕ್ಕೆ ಸುಮ್ಮನಾಗುತ್ತಾರೆ, ಅದನ್ನು ನಾನೂ ಮಕ್ಕಳೂ ಹೇಳುತ್ತೇವೆ. ತೋಮನ ಸಾಲಿನವರು ಬರೆದದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. 88ನೆಯ ಕೀರ್ತನೆಯನ್ನು ನಾನು ಇದುವರೆಗೆ ಗಮನಿಸಿಯೇ ಇರಲಿಲ್ಲ.

ಎರಡು ಸಂಗತಿ ಉಳಿದಿವೆ. ಕರ್ತನ ಪ್ರಾರ್ಥನೆಯನ್ನು ಎಲ್ಲಿ ಮುಗಿಸಬೇಕೆಂಬುದು ಒಂದು. ಇನ್ನೊಂದು ಸ್ವಲ್ಪ ಸಂಕೋಚದ್ದು: ನಾವಿಬ್ಬರು ಜಗಳವಾಡಿದ ದಿನ ಏನು ಮಾಡಬೇಕು? ಆ ದಿನಗಳಲ್ಲಿ ಪ್ರಾರ್ಥನೆಗೆ ಕೂರುವುದು ನಟನೆಯೆನ್ನಿಸುತ್ತದೆ, ಕೂರದಿದ್ದರೆ ಮಕ್ಕಳಿಗೆ ಕಾರಣ ತಿಳಿದುಬಿಡುತ್ತದೆ.


ಉತ್ತರ: ಧಾರವಾಡದ ಸಭಾಹಿರಿಯ

ಮೊದಲನೆಯದು ಸುಲಭ. ರಾಜ್ಯವೂ ಬಲವೂ ಎಂಬ ಸಾಲು ಲೂಕನ ಪಾಠದಲ್ಲಿಲ್ಲ, ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲಿಯೂ ಇಲ್ಲ. ಆದರೆ ಅಪೊಸ್ತಲರ ಕಾಲಕ್ಕೆ ಹತ್ತಿರದ ದಿದಾಖೆ ಎಂಬ ಬೋಧನಾ ಗ್ರಂಥದಲ್ಲಿ ಆ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಾರಿ ಹೇಳಿರೆಂಬ ವಿಧಿಯಿದ್ದು, ಅಲ್ಲಿ ಆ ಸಾಲಿನ ಚಿಕ್ಕ ರೂಪ ಬರುತ್ತದೆ. ಕಥೊಲಿಕರ ಬಲಿಪೂಜೆಯಲ್ಲಿಯೂ ಈಗ ಯಾಜಕರ ಒಂದು ಪ್ರಾರ್ಥನೆ ನಡುವೆ ಬಂದು, ಅನಂತರ ಜನರೆಲ್ಲರೂ ಅದನ್ನು ಹೇಳುತ್ತಾರಲ್ಲವೇ? ಅದರಂತೆ ಮನೆಯಲ್ಲಿಯೂ ಒಂದು ಉಸಿರು ನಿಂತು, ಆಮೇಲೆ ಎಲ್ಲರೂ ಸೇರಿ ಆ ಸಾಲನ್ನು ಹೇಳಿದರೆ ಯಾರ ರೂಢಿಗೂ ಕುಂದಿಲ್ಲ. ಎರಡನೆಯದನ್ನು ಉಪದೇಶಿಗಳಿಗೆ ಬಿಡುತ್ತೇನೆ. ನನ್ನ ಪತ್ನಿ ಈ ಚರ್ಚೆಯನ್ನು ಓದುತ್ತಿದ್ದಾರೆ.


ಉತ್ತರ: ಹಾಸನದ ಉಪದೇಶಿ

ಬೆನೆಡಿಕ್ಟರ ಮಠಗಳಲ್ಲೂ ಜಗಳಗಳಿದ್ದವು. ಅವರ ನಿಯಮಾವಳಿಯ 13ನೆಯ ಅಧ್ಯಾಯದಲ್ಲಿ, ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಮಠಾಧಿಪತಿ ಕರ್ತರ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಬೇಕೆಂಬ ವಿಧಿಯಿದೆ. ಅದಕ್ಕೆ ಅವರು ಕೊಟ್ಟ ಕಾರಣ, ಒಟ್ಟಿಗೆ ಬಾಳುವವರ ನಡುವೆ ಮನಸ್ತಾಪದ ಮುಳ್ಳುಗಳು ಏಳುತ್ತಲೇ ಇರುತ್ತವೆ, ನಾವು ಕ್ಷಮಿಸಿದಂತೆ ನಮ್ಮನ್ನು ಕ್ಷಮಿಸು ಎಂದು ದಿನಕ್ಕೆರಡು ಸಾರಿ ಮಾತುಕೊಟ್ಟವರು ಆ ಮಾತಿಗೆ ಕಟ್ಟುಬಿದ್ದು ಅವುಗಳನ್ನು ಕಿತ್ತುಹಾಕಿಕೊಳ್ಳಲಿ ಎಂಬುದು. ಹಾಗಾಗಿ ಜಗಳವಾಡಿದ ದಿನ ದಶಕವನ್ನೂ ಓದನ್ನೂ ಬಿಟ್ಟರೂ ಪರವಾಗಿಲ್ಲ, ಅದೊಂದನ್ನು ಬಿಡಬೇಡಿ. ಕ್ಷಮೆಯ ಸಾಲು ಬಂದಾಗ ಯಾರಿಗಾದರೂ ಗಂಟಲು ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಮಕ್ಕಳನ್ನು ಊಟಕ್ಕೆ ಕಳುಹಿಸಿ, ನೀವಿಬ್ಬರೂ ಮಾತಾಡಿಕೊಳ್ಳಿರಿ. ಉಳಿದ ಅರ್ಧ ಪ್ರಾರ್ಥನೆಯನ್ನು ಆಮೇಲೆ ಹೇಳಿಕೊಳ್ಳಬಹುದು. ಹಿರಿಯರಿಲ್ಲದ ಮನೆಯಲ್ಲಿ ಬೆಸಾಂವ್ ಕೇಳುವ ರೂಢಿ ಹೇಗೆ ಉಳಿದೀತೆಂಬ ಅಳುಕು ನಿಮಗಿದ್ದರೆ, ಮಲಗುವ ಮುನ್ನ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುವ ಕೆಲಸವನ್ನು ನಿಮ್ಮ ಪತಿಗೆ ವಹಿಸಿರಿ. ಬೆಳಿಗ್ಗೆ ಎದ್ದಾಗಲೂ ರಾತ್ರಿ ಮಲಗುವಾಗಲೂ ಶಿಲುಬೆಯ ಗುರುತು ಹಾಕಿಕೊಳ್ಳಿರೆಂದು ಲೂಥರರೇ ತಮ್ಮ 1529ರ ಚಿಕ್ಕ ಧರ್ಮೋಪದೇಶದಲ್ಲಿ ಬರೆದಿರುವುದರಿಂದ ಅವರ ಮನೆಯವರೂ ಇದಕ್ಕೆ ತಕರಾರು ಮಾಡಲಾರರು.